ವೀಣೆಗೊಂದು ವಾಲ್ವ್ ಡಬ್ಬಿ

ನಮ್ಮ ವೀಣೆ ಟೀಚರ್ ಕೈಯಲ್ಲಿ ಮಾತ್ರ ಉಳಿದಿರುವ ಕೆಲವು ಪಾಠಗಳಿವೆ, ಅವರ ಗುರುಗಳಿಂದ ಬಂದವು. ರೆಕಾರ್ಡ್ ಮಾಡೋಣ ಅಂದ್ರೆ ಮನೆ ಮೇನ್ ರೋಡಿಗೇ ಅಂಟಿಕೊಂಡಿದೆ. ಮೈಕ್ ಇಟ್ಟರೆ ತೋಡಿಯ ಜೊತೆ ಬಸ್ ಹಾರನ್, ಪಕ್ಕದ ಮನೆ ಕುಕ್ಕರ್ ಎಲ್ಲಾ ಸೇರುತ್ತೆ. ಮಂಡಿನೋವಿರುವ ಅವರನ್ನು ಸ್ಟುಡಿಯೋ ಮೆಟ್ಟಿಲು ಹತ್ತಿಸೋ ಹಾಗಿಲ್ಲ. ಉಳಿದದ್ದು ವೀಣೆಗೆ ಅಂಟಿಸುವ ಪೀಜೋ ಪಿಕಪ್.

ಅದನ್ನು ನೇರ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ವೀಣೆ ತಗಡು ಬಡಿದ ಹಾಗೆ ಕೇಳುತ್ತೆ. ಯಾಕೆ? ಪೀಜೋ ಅಂದರೆ ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ನಮ್ಮದು ಸುಮಾರು 1 ನ್ಯಾನೋಫ್ಯಾರಡ್. ಎದುರಿಗೆ 10 ಕಿಲೋ ಓಮ್ ಇದ್ದರೆ 16,000 ಹರ್ಟ್ಝ್‌ಗಿಂತ ಕೆಳಗಿನದೆಲ್ಲ ಸೊರಗುತ್ತಾ ಹೋಗುತ್ತೆ. ಗಿಟಾರ್‌ಗೆ ಅಂತ ಕೊಡುವ 1 ಮೆಗಾ ಓಮ್ ಇನ್‌ಪುಟ್‌ನಲ್ಲೂ ಆ ಗಡಿ 160 ಹರ್ಟ್ಝ್. ಅನುಮಂದ್ರ ತಂತಿಯ ಮೂಲಸ್ವರ ಇರೋದು 60ರ ಆಸುಪಾಸಿನಲ್ಲಿ!

ಇಲ್ಲಿಗೆ ಬಂತು ವಾಲ್ವ್. ತಾತನ ಕಾಲದ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದದ್ದೇ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲಕ್ಕೆ ತಯಾರಿಸುತ್ತಿತ್ತು. ಅದರ ಗ್ರಿಡ್ ಕರೆಂಟನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ನಾನು ಆರಿಸಿದ್ದು 12ಎಯು7, ಕ್ಯಾಥೋಡ್ ಫಾಲೋವರ್ ಆಗಿ. ಗ್ರಿಡ್‌ನ 1 ಮೆಗಾ ಓಮ್ ರೆಸಿಸ್ಟರಿನ ಇನ್ನೊಂದು ತುದಿಯನ್ನು ಗ್ರೌಂಡ್‌ಗೆ ಹಾಕದೆ ಕ್ಯಾಥೋಡ್ ಕಡೆಗೆ ಕಟ್ಟಿದೆ. ಆಗ ಅದರ ಎರಡೂ ತುದಿ ಸಿಗ್ನಲ್ ಜೊತೆ ಒಟ್ಟಿಗೇ ಏರಿಳಿಯುತ್ತವೆ, ಪಿಕಪ್‌ಗೆ ಅದು ಏಳೆಂಟು ಮೆಗಾ ಓಮ್‌ನಂತೆ ಕಾಣುತ್ತೆ. ಗಡಿ 20 ಹರ್ಟ್ಝ್‌ಗೆ ಇಳಿಯಿತು. ಇಡೀ ಡಿಸೈನಿನಲ್ಲಿ ನನಗೆ ಇಷ್ಟವಾದ ಜಾಗ ಇದೊಂದೇ. ಹೊರಗಡೆ 4:1 ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಮೈಕ್ ಕೇಬಲ್. ದುಡ್ಡು ಜಾಸ್ತಿ ಹೋಗಿದ್ದು ಅದಕ್ಕೇ. ರೆಸಿಸ್ಟರು, ಕೆಪಾಸಿಟರು ಎಸ್‌.ಪಿ. ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕವು.

'ಟ್ಯೂಬ್ ಸೌಂಡ್ ಬೆಚ್ಚಗಿರುತ್ತೆ' ಅನ್ನೋರಿಗೆ ಒಂದು ಮಾತು: ಈ ಸರ್ಕ್ಯೂಟ್ ಬಣ್ಣ ಬಳಿಯೋದು ತೀರಾ ಕಡಿಮೆ. 48 ವೋಲ್ಟ್ ಫ್ಯಾಂಟಮ್ ಪವರ್‌ನಲ್ಲಿ ನಡೆಯುವ ಒಂದು ಫೆಟ್ ಕೂಡ ಇದೇ ಕೆಲಸ ಅಗ್ಗಕ್ಕೆ ಮಾಡುತ್ತೆ. ಹುಚ್ಚಿಗೆ ವಾಲ್ವ್ ಬೇಕು ಅನ್ನಿಸಿತು, ಅಷ್ಟೇ. "ಈಗ ನನ್ನ ವೀಣೆ ಹಾಗೇ ಇದೆ ಕಣೋ" ಅಂದ್ರು ಟೀಚರ್. ಹನ್ನೊಂದು ಕೃತಿ ಮುಗಿದಿವೆ, ಇನ್ನೂ ಇವೆ.

ಮಾಡೋಕೆ ಹೊರಟರೆ ಇದನ್ನ ಓದಿಯೇ ಹೊರಡಿ. ಒಳಗಿರೋದು 200 ವೋಲ್ಟ್‌ಗೂ ಮೇಲೆ ಡಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಕೂತಿರುತ್ತೆ. 47 ಮೈಕ್ರೋಫ್ಯಾರಡ್‌ಗೆ ಅಡ್ಡಲಾಗಿ 220 ಕಿಲೋ ಓಮ್, 1 ವ್ಯಾಟ್‌ನ ರೆಸಿಸ್ಟರ್ ಹಾಕಿದರೆ ಮುಕ್ಕಾಲು ನಿಮಿಷದಲ್ಲಿ ಖಾಲಿ. ಲೋಹದ ಡಬ್ಬಿಗೆ ಮೂರನೇ ಪಿನ್ನಿನ ಅರ್ಥಿಂಗ್ ಬೇಕೇ ಬೇಕು. ಗುಂಯ್ ಶಬ್ದ ಬಂತು ಅಂತ ಅದನ್ನ ಕೀಳಬೇಡಿ; ಗ್ರೌಂಡ್ ಲಿಫ್ಟ್ ಸ್ವಿಚ್ ಇರಬೇಕಾದ್ದು ಮೈಕ್ ಕೇಬಲ್ಲಿನ ಒಂದನೇ ಪಿನ್ನಿಗೆ ಮಾತ್ರ. ಮೀಟರ್ 5 ವೋಲ್ಟ್‌ಗಿಂತ ಕೆಳಗೆ ತೋರಿಸಿದ ಮೇಲೆಯೇ ಒಳಗೆ ಬೆರಳು.