ಕುಂಜುಮ್ ಘಟ್ಟದ ಒಂಟಿ ಸವಾರ

ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಸೀಮೆಗಳನ್ನು ಕೂಡಿಸುವ ಕುಂಜುಮ್ ಘಟ್ಟವು ಸಮುದ್ರಮಟ್ಟದಿಂದ ಸುಮಾರು 4,550 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ಹೆಚ್ಚಿನ ಎತ್ತರವದು. ವರ್ಷದ ಹೆಚ್ಚಿನ ಭಾಗ ಹಿಮದಡಿಯಲ್ಲಿ ಮುಚ್ಚಿಹೋಗಿರುವ ಈ ಹಾದಿ ಬೇಸಿಗೆಯಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ. ಆ ತಿಂಗಳುಗಳಲ್ಲಿ ಬೆಂಗಳೂರಿನ ನೋಂದಣಿ ಫಲಕ ಹೊತ್ತ ಮೋಟಾರ್ ಸೈಕಲ್ಲುಗಳು ಅಲ್ಲಿ ಕಾಣಿಸಿಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ಅವುಗಳ ಮೇಲೆ ಒಂಟಿಯಾಗಿ ಕುಳಿತು ಘಟ್ಟ ದಾಟುವ ಯುವಕ ಯುವತಿಯರಲ್ಲಿ ಮಲೆನಾಡಿನ ಮನೆಗಳಿಂದ ಓದಿಗೆ, ಉದ್ಯೋಗಕ್ಕೆ ನಗರ ಸೇರಿದವರೂ ಇದ್ದಾರೆ. ಆದುದರಿಂದ ಆ ದೂರದ ಘಟ್ಟದ ಮಾತು ಈ ಪುಟಗಳಿಗೆ ಹೊರಗಿನದಲ್ಲ.

ಈ ಸವಾರಿಯಲ್ಲಿ ಸಾಹಸವಿದೆ ಎಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಗ್ರಾಂಫುವಿನಿಂದ ಛತ್ರು, ಬಾತಲ್‌ಗಳನ್ನು ಹಾದು ಕುಂಜುಮ್ ಏರಿ ಲೋಸರ್ ತಲುಪುವ ಸುಮಾರು 80 ಕಿಲೋಮೀಟರ್ ದಾರಿಯಲ್ಲಿ ಬಹುಭಾಗ ಬಂಡೆ, ಜಲ್ಲಿ ಮತ್ತು ಹರಿಯುವ ನೀರು. ಮೇಲಿನ ಹಿಮನದಿಗಳು ಬಿಸಿಲಿಗೆ ಕರಗಿದಂತೆಲ್ಲ ರಸ್ತೆಗೆ ಅಡ್ಡವಾದ ಹಳ್ಳಗಳು ಏರುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ನಂತರ ವಾಹನವನ್ನೇ ತಳ್ಳಬಲ್ಲುದು. ಆದ್ದರಿಂದಲೇ ಬಲ್ಲವರು ನಸುಕಿನಲ್ಲಿ ಹೊರಟು ಹಳ್ಳಗಳನ್ನು ದಾಟಿಕೊಳ್ಳುತ್ತಾರೆ. ಘಟ್ಟದ ನೆತ್ತಿಯಲ್ಲಿ ವಾಯುವಿನ ಒತ್ತಡ ಕರಾವಳಿಯಲ್ಲಿರುವುದರ ಶೇಕಡಾ 60ಕ್ಕಿಂತ ಕಡಿಮೆ. ಉಸಿರಾಟಕ್ಕೆ ದೊರೆಯುವ ಆಮ್ಲಜನಕ ಎಷ್ಟು ಇಳಿಯುವುದೋ ಯಂತ್ರಕ್ಕೆ ದೊರೆಯುವುದೂ ಅಷ್ಟೇ ಇಳಿಯುತ್ತದೆ. ಯಂತ್ರದ ಬಲ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಂದುತ್ತದೆ. ಸವಾರನಿಗೆ ತಲೆನೋವು, ವಾಕರಿಕೆ, ಮಂಕು ಕವಿಯಬಹುದು. ಇನ್ನೂರು ಕಿಲೋಗ್ರಾಂ ತೂಗುವ ವಾಹನ ಅಂತಹ ಸ್ಥಳದಲ್ಲಿ ಬಂಡೆಗಳ ನಡುವೆ ಮಗುಚಿದರೆ ಒಬ್ಬನೇ ಎತ್ತುವುದು ಸುಲಭವಲ್ಲ. ಇಂತಹ ಹಾದಿಯನ್ನು ತಾಳ್ಮೆಯಿಂದ ದಾಟಿದವನಿಗೆ ಗೌರವ ಸಲ್ಲಬೇಕಾದುದೇ.

ಆದರೆ ಆತ ಒಂಟಿಯಾಗಿ ದಾಟಿದನೇ ಎಂಬುದು ಕೇಳಬೇಕಾದ ಪ್ರಶ್ನೆ. ವಸಂತದಲ್ಲಿ ಆ ಹಿಮವನ್ನು ಕಡಿದು ದಾರಿ ಬಿಡಿಸಿದವರು ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರು. ಹಿಮಾಲಯದ ಇಂತಹ ರಸ್ತೆಗಳಲ್ಲಿ ಜಲ್ಲಿ ಹೊರುವವರಲ್ಲಿ ಜಾರ್ಖಂಡದ ದುಮಕಾ ಕಡೆಯಿಂದ ಬಂದ ಕೂಲಿಗಳ ಸಂಖ್ಯೆ ದೊಡ್ಡದು. ಬಾತಲ್‌ನ ಢಾಬಾದಲ್ಲಿ ಬಿಸಿ ಅನ್ನ, ರಾತ್ರಿಗೆ ಕಂಬಳಿ ಕೊಡುವವರು ಬೇರೆ. ಹಳ್ಳದ ನಡುವೆ ನಿಂತ ವಾಹನಕ್ಕೆ ಹೆಗಲು ಕೊಡುವ ಲಾರಿ ಚಾಲಕರು ಬೇರೆ. 2023ರ ಜುಲೈನಲ್ಲಿ ಭಾರಿ ಮಳೆ ಮತ್ತು ಅಕಾಲದ ಹಿಮಪಾತದಿಂದ ಚಂದ್ರತಾಲ್ ಸರೋವರದ ಬಳಿ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡಾಗ, ಕುಂಜುಮ್ ಮೇಲಿನ ಹಿಮವನ್ನು ಯಂತ್ರಗಳಿಂದ ಬಿಡಿಸಿ ಅವರನ್ನು ಸ್ಪಿತಿ ಕಡೆಗೆ ಕರೆತರಬೇಕಾಯಿತು. ಹಗಲಿರುಳು ನಡೆದ ಆ ಕೆಲಸದಲ್ಲಿ ಸರ್ಕಾರದ ಸಿಬ್ಬಂದಿಯೊಡನೆ ಸ್ಥಳೀಯರೂ ಇದ್ದರು. ಒಂಟಿತನವೆಂದು ಕರೆಯಲ್ಪಡುವ ಈ ಸವಾರಿ ಹೀಗೆ ಹಲವರ ಹೆಗಲ ಮೇಲೆ ನಿಂತಿದೆ. ಸವಾರ ತೆಗೆದ ಚಿತ್ರಗಳಲ್ಲಿ ಆ ಹೆಗಲುಗಳು ಕಾಣಿಸುವುದು ಕಡಿಮೆ.

ಹೊರುವವರಲ್ಲಿ ನೆಲವೂ ಸೇರಿದೆ. ಚಂದ್ರತಾಲ್ 2005ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಲತಾಣ. ಅದರ ಸುತ್ತಲಿನ ಹುಲ್ಲುಮಾಳಗಳಿಗೆ ಗದ್ದಿ ಕುರುಬರು ತಲೆತಲಾಂತರದಿಂದ ಬೇಸಿಗೆಯಲ್ಲಿ ಕುರಿ ಮೇಕೆಗಳನ್ನು ನಡೆಸಿಕೊಂಡು ಬರುತ್ತಾರೆ. ಅಷ್ಟು ಎತ್ತರದಲ್ಲಿ ಗಿಡಕ್ಕೆ ಬೆಳೆಯಲು ದೊರೆಯುವುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ. ಅಂಗೈಯಗಲದ ಹಸಿರು ಮೆತ್ತೆ ಕಟ್ಟಲು ಎಷ್ಟೋ ವರ್ಷ ಬೇಕು; ಗೀರುಳ್ಳ ಚಕ್ರವೊಂದು ಅದನ್ನು ಕೀಳಲು ಒಂದು ಕ್ಷಣ ಸಾಕು. ರಸ್ತೆ ಬಿಟ್ಟು ಮಾಳಕ್ಕೆ ಇಳಿದ ಮೊದಲ ವಾಹನದ ಜಾಡು ಎರಡನೆಯದಕ್ಕೆ ದಾರಿಯಾಗುತ್ತದೆ, ಹತ್ತನೆಯದರ ಹೊತ್ತಿಗೆ ಅದು ಗಾಯವಾಗುತ್ತದೆ. ಚಂದ್ರತಾಲ್ ದಡದಲ್ಲಿ ಬಿಡಾರ ಹೂಡುವುದನ್ನು ತಡೆದು, ವಾಹನಗಳನ್ನು ದೂರದಲ್ಲೇ ನಿಲ್ಲಿಸುವ ಕ್ರಮ ಬಂದುದು ಈ ಕಾರಣದಿಂದ. ಆದರೂ 2023ರ ಡಿಸೆಂಬರ್‌ನಲ್ಲಿ ಲಾಹೌಲಿನ ಚಂದ್ರಾ ನದಿಯೊಳಗೇ ಜೀಪು ಓಡಿಸಿದ ಪ್ರಕರಣದಲ್ಲಿ ಪೊಲೀಸರು ದಂಡ ವಿಧಿಸಬೇಕಾಯಿತು. ನದಿಯನ್ನು ಆಟದ ಬಯಲೆಂದು ಭಾವಿಸುವ ಮನಸ್ಸನ್ನು ದಂಡದ ರಸೀದಿಯೊಂದೇ ತಿದ್ದಲಾರದು.

ಇಲ್ಲಿ ಒಂದು ವೈರುಧ್ಯವನ್ನೂ ಗಮನಿಸಬೇಕು. ಹಾದಿ ಒರಟಾಗಿಯೇ ಇರಲಿ ಎಂದು ಬಯಸುವವನು ಅಲ್ಲಿ ಒಂದು ದಿನ ಇದ್ದು ಹೋಗುವ ಸವಾರ. ಬಟಾಣಿ ಬೆಳೆಯನ್ನು ಪೇಟೆಗೆ ಸಾಗಿಸಬೇಕಾದ, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಸ್ಪಿತಿಯ ರೈತನಿಗೆ ಬೇಕಾದುದು ನಂಬಿಕೆಗೆ ಅರ್ಹವಾದ ರಸ್ತೆ. ಆತನ ಬೇಡಿಕೆ ನ್ಯಾಯವಾದುದು. ಪರಿಸರದ ಹೆಸರಿನಲ್ಲಿ ಅದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ರೈತನ ಅಗತ್ಯಕ್ಕೆಂದು ಆರಂಭವಾದ ರಸ್ತೆಯ ಅಗಲವನ್ನು ಕೊನೆಗೆ ನಿರ್ಧರಿಸುವುದು ಪ್ರವಾಸಿಗರ ಸಂಖ್ಯೆ ಎಂಬುದೂ ಅಷ್ಟೇ ನಿಜ. ಪಕ್ಕದ ರೋಹ್ತಾಂಗ್ ಘಟ್ಟದಲ್ಲಿ ಇದು ಕಂಡುಬಂದಿತು. ಹಿಮದ ಮೇಲೆ ಹೊಗೆಯ ಮಸಿ ಕೂರುವುದನ್ನು ಗಂಭೀರವಾಗಿ ಪರಿಗಣಿಸಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2015ರಲ್ಲಿ ಅಲ್ಲಿಗೆ ಹೋಗುವ ಪ್ರವಾಸಿ ವಾಹನಗಳಿಗೆ ದಿನದ ಮಿತಿಯನ್ನೇ ವಿಧಿಸಬೇಕಾಯಿತು. ಕಪ್ಪು ಕವಿದ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ. ಕರಗುವುದು ಬಿಯಾಸ್ ನದಿಯ ನಾಳಿನ ನೀರು. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಾಗ ಲಾಹೌಲಿಗರ ಚಳಿಗಾಲದ ಬಂಧನ ಬಿಡುಗಡೆಯಾಯಿತು. ಅದರೊಡನೆ ಸುರಂಗದ ಆಚೆಯ ಸಿಸ್ಸುವಿನಂತಹ ಸಣ್ಣ ಹಳ್ಳಿಗಳ ಮೇಲೆ ವಾಹನಗಳ ಪ್ರವಾಹವೂ ಹರಿಯಿತು.

ಮಲೆನಾಡಿಗೆ ಈ ಪಾಠ ಹೊಸದಲ್ಲ. ಚಾರ್ಮಾಡಿ 2019ರ ಆಗಸ್ಟ್‌ನಲ್ಲಿ, ಶಿರಾಡಿ 2018ರಲ್ಲಿ ಮತ್ತೆ 2024ರಲ್ಲಿ ಕುಸಿದುದನ್ನು ಕಂಡವರಿಗೆ, ಗುಡ್ಡದ ಕಾಲು ಕಡಿದ ರಸ್ತೆ ಎಷ್ಟು ದಿನದ್ದು ಎಂದು ವಿವರಿಸಬೇಕಾಗಿಲ್ಲ. ಕುಂಜುಮ್ ಏರಲು ರಜೆ ಸಿಗದ ಸವಾರ ವಾರಾಂತ್ಯದಲ್ಲಿ ಹುಡುಕುವುದು ಚಿಕ್ಕಮಗಳೂರು, ಸಕಲೇಶಪುರ, ಕೊಡಗುಗಳ ಶೋಲೆ ಹುಲ್ಲುಗಾವಲುಗಳ ಜಾಡನ್ನು. ಅಲ್ಲಿ ಹಿಮವಿಲ್ಲ, ಮಳೆಯಿದೆ. ಜೀಪು, ಬೈಕುಗಳ ಚಕ್ರ ಹುಲ್ಲಿನ ಹೊದಿಕೆಯನ್ನು ಹರಿದು ಮಣ್ಣನ್ನು ಒತ್ತಿದಲ್ಲಿ ನೀರು ಇಂಗದು. ಜಾಡು ಚರಂಡಿಯಾಗುತ್ತದೆ; ಆಷಾಢದ ಮಳೆಗೆ ಚರಂಡಿ ಕೊರಕಲಾಗುತ್ತದೆ; ಕೊರಕಲಿನ ಮಣ್ಣು ಕೆಳಗಿನ ಗದ್ದೆ, ತೋಟದ ತಲೆಗಾಲುವೆಯಲ್ಲಿ ಕೂರುತ್ತದೆ. ಬೋಳುಗುಡ್ಡವೆಂದು ಹೊರಗಿನವರು ತಿಳಿಯುವ ಆ ಹುಲ್ಲುಗಾವಲು ಮಳೆಯನ್ನು ಹೀರಿ ಬೇಸಿಗೆಯವರೆಗೆ ಒಸರುವ ಸ್ಪಂಜು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲವೂ ಇಂತಹ ಶೋಲೆ ಹುಲ್ಲುಗಾವಲುಗಳ ನಡುವೆಯೇ ಇದೆ.

ಹಾಗೆಂದು ಯುವಜನರನ್ನು ಮನೆಯಲ್ಲಿ ಕಟ್ಟಿಹಾಕುವುದು ಪರಿಹಾರವಲ್ಲ. ಬೆಟ್ಟವನ್ನು ಕಣ್ಣಾರೆ ಕಾಣದವರು ಬೆಟ್ಟಕ್ಕಾಗಿ ದನಿಯೆತ್ತುವುದಿಲ್ಲ. ಬೇಕಾಗಿರುವುದು ಸಾಹಸದ ಅರ್ಥದಲ್ಲಿ ಒಂದು ಬದಲಾವಣೆ. ಇರುವ ರಸ್ತೆಯನ್ನು ಬಿಟ್ಟು ಚಕ್ರ ಇಳಿಯದಿರುವುದು, ನೀರು ಏರಿದ ಹಳ್ಳದ ಮುಂದೆ ಹಿಂದಿರುಗುವ ಧೈರ್ಯ ತೋರುವುದು, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರುವುದು, ಹೊಗೆ ಕೊಳವೆಯ ಸದ್ದಡಗಿಸುವ ಸಾಧನವನ್ನು ಕಿತ್ತೊಗೆಯದಿರುವುದು, ತಂಗಿದ ಊರಿನಲ್ಲೇ ಉಂಡು ಅದರ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದು ಕಷ್ಟದ ಕೆಲಸಗಳೇನಲ್ಲ. ಕುಂಜುಮ್ ನೆತ್ತಿಯ ದೇವಿಯ ಗುಡಿಗೆ ವಾಹನಗಳೊಡನೆ ಒಂದು ಸುತ್ತು ಬಂದು ಮುಂದೆ ಸಾಗುವ ರೂಢಿ ಆ ಸೀಮೆಯವರಲ್ಲಿದೆ. ಘಟ್ಟವು ತನ್ನದಲ್ಲ, ಅನುಮತಿ ಪಡೆದು ದಾಟಬೇಕಾದುದು ಎಂಬ ಭಾವ ಆ ಒಂದು ಸುತ್ತಿನಲ್ಲಿದೆ.

ಊರಿನವರ ಹೊಣೆಯೂ ಕಡಿಮೆಯಿಲ್ಲ. ಅಭಯಾರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಕಡತದಲ್ಲಿ ಮಾತ್ರ ಉಳಿದಿದ್ದರೆ ಅದನ್ನು ಎಬ್ಬಿಸುವ ಕೆಲಸ ಗ್ರಾಮಸಭೆಯದು. ತಮ್ಮ ಊರಿನ ಯಾವ ಮಾಳಕ್ಕೆ ವಾಹನ ಇಳಿಯುತ್ತಿದೆ, ಯಾವ ಜಾಡು ಕಳೆದ ಮಳೆಗಾಲದಲ್ಲಿ ಕೊರಕಲಾಯಿತು, ಯಾವ ಒರತೆ ಕೆಸರಾಯಿತು ಎಂಬುದನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಅಳೆದು, ಬರೆದು, ಮುಂದಿನ ಗ್ರಾಮಸಭೆಯ ಎದುರು ಇಡಲಿ. ಅಳತೆಪಟ್ಟಿ, ನೋಟುಪುಸ್ತಕ ಮತ್ತು ನಡೆಯುವ ಕಾಲು ಇದ್ದರೆ ಈ ಕೆಲಸ ಆರಂಭಿಸಬಹುದು. ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಅಳೆದರೆ, ಗುಡ್ಡ ಹೇಳುತ್ತಿರುವುದೇನೆಂಬುದು ಆ ಎರಡು ಅಂಕಿಗಳ ನಡುವೆಯೇ ತಿಳಿದುಬರುತ್ತದೆ.