ದುಃಖದ ಮನೆಯಲ್ಲಿ ತೂಕದ ಮಾತು

ರಾರಾವಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ವಯಸ್ಸು 46. ಪತಿ ತೀರಿಕೊಂಡು ಎಂಟು ತಿಂಗಳಾಯಿತು. ಮಗಳಿಗೆ ಮದುವೆಯಾಗಿದೆ, ಮಗ ಓದುತ್ತಿದ್ದಾನೆ, ಗದ್ದೆಯ ಕೆಲಸ ಮೈದುನ ನೋಡಿಕೊಳ್ಳುತ್ತಾರೆ. ನಾಲ್ಕು ತಿಂಗಳಿಂದ ಈಕೆಗೆ ರಾತ್ರಿ ಮೂರು ಗಂಟೆಗೇ ಎಚ್ಚರ. ಊಟ ಸೇರುವುದಿಲ್ಲ. ಮೊಮ್ಮಗು ಬಂದರೂ ಎತ್ತಿಕೊಳ್ಳಬೇಕು ಅನ್ನಿಸುವುದಿಲ್ಲ. ‘ಹೊತ್ತಿಗೆ ಮುಂಚೆ ದವಾಖಾನೆಗೆ ಕರಕೊಂಡು ಹೋಗಿದ್ದರೆ ಬದುಕುತ್ತಿದ್ದರು, ನಾನೇ ಕೊಂದೆ’ ಎಂಬ ಯೋಚನೆ ಬಿಡುವುದಿಲ್ಲ.

ಆದವಾನಿಯ ವೈದ್ಯರೊಬ್ಬರು ಮಿರ್ಟಜಪಿನ್ ಎಂಬ ಮಾತ್ರೆ ಬರೆದುಕೊಟ್ಟರು. ಮಗಳ ಒತ್ತಾಯಕ್ಕೆ ಬಳ್ಳಾರಿಗೆ ಹೋದರೆ ಅಲ್ಲಿಯ ವೈದ್ಯರು ಎಸ್ಸಿಟಲೋಪ್ರಾಮ್ ಬರೆದರು. ಎರಡು ಚೀಟಿಯೂ ದೇವರ ಗೂಡಿನಲ್ಲಿವೆ. ಒಂದು ಗುಳಿಗೆಯನ್ನೂ ನುಂಗಿಲ್ಲ. ಕಾರಣವನ್ನು ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ‘ನಮ್ಮ ಅತ್ತಿಗೆಯವರು ಹಿಂದೆ ಇಂಥವೇ ಗುಳಿಗೆ ನುಂಗಿ ಗುರುತು ಸಿಗದಷ್ಟು ದಪ್ಪಗಾದರು. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಮೇಲಾಗಿ ಮನೆಯವರು ಹೋಗಿ ವರ್ಷ ತುಂಬಿಲ್ಲ. ನಾನು ದಪ್ಪಗಾದರೆ ಊರವರು ಏನೆಂದಾರು? ಇದನ್ನು ಡಾಕ್ಟರಿಗೆ ಹೇಳಲು ನಾಚಿಕೆಯಾಯಿತು.’

ಗಂಡ ಸತ್ತ ದುಃಖದಲ್ಲಿ ಸೊಂಟದ ಸುತ್ತಳತೆಯ ಚಿಂತೆಯೇ ಎಂದು ಯಾರಾದರೂ ಮೂಗು ಮುರಿಯಬಹುದು. ಮುರಿಯುವವರು ಸಾವಾದ ಮನೆಯ ಪಡಸಾಲೆಯಲ್ಲಿ ಒಂದು ಗಂಟೆ ಕುಳಿತು ಬರಲಿ. ವಿಧವೆ ಎರಡು ತುತ್ತು ಹೆಚ್ಚು ಉಂಡರೂ ಲೆಕ್ಕ ಇಡುವ ಕಣ್ಣುಗಳು ಅಲ್ಲಿರುತ್ತವೆ. ‘ಗಂಡ ಹೋಗಿ ವರ್ಷ ಆಗಿಲ್ಲ, ಆಗ್ಲೇ ಮೈ ತುಂಬ್ಕೊಂಡಾಳೆ ನೋಡು’ ಎಂಬ ಮಾತು ಬಾವಿಕಟ್ಟೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಲು ಹೊತ್ತು ಬೇಕಾಗಿಲ್ಲ. ಸೊರಗಿದ ಮೈಯೇ ದುಃಖಕ್ಕೆ ಸಾಕ್ಷಿ ಎಂದು ನಂಬುವ ಸಮಾಜದಲ್ಲಿ ಈಕೆಯ ಹೆದರಿಕೆ ಚೆಲುವಿನ ಚಿಂತೆಯಾಗಿರಲಾರದು. ತಾಯಿಗೆ ಸಕ್ಕರೆ ಕಾಯಿಲೆ ಇರುವವರು ತೂಕಕ್ಕೆ ಅಂಜುವುದು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಸರಿಯೇ. ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತ ಬೊಜ್ಜು ಬೇಗ ಬರುತ್ತದೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು ಎನ್ನುತ್ತಾರೆ.

ಆದರೆ ಮಾತ್ರೆ ಯಾವುದು ಎಂಬುದಕ್ಕೆ ಮೊದಲು ಮಾತ್ರೆ ಬೇಕೇ ಎಂಬುದನ್ನು ನೋಡಬೇಕಲ್ಲವೇ? ದುಃಖಕ್ಕೆ ಮಾತ್ರೆಯಿಲ್ಲ. ಇದು ವೇದಾಂತದ ಮಾತಲ್ಲ, ಪರೀಕ್ಷೆ ಮಾಡಿ ಕಂಡದ್ದು. ಅಮೆರಿಕದಲ್ಲಿ ಕ್ಯಾಥರಿನ್ ಶಿಯರ್ ಮತ್ತು ಸಂಗಡಿಗರು, ಆಪ್ತರನ್ನು ಕಳೆದುಕೊಂಡು ಬಹುಕಾಲವಾದರೂ ಚೇತರಿಸಿಕೊಳ್ಳದ 395 ಮಂದಿಯ ಮೇಲೆ ಅಧ್ಯಯನ ನಡೆಸಿ 2016ರಲ್ಲಿ ಪ್ರಕಟಿಸಿದರು. ಸಿಟಲೋಪ್ರಾಮ್ ಮಾತ್ರೆಯಿಂದ ಅಗಲಿಕೆಯ ನೋವು ಕಡಿಮೆಯಾಗಲಿಲ್ಲ. ಅದಕ್ಕೆ ನೆರವಾದದ್ದು ಕುಳಿತು ಮಾತನಾಡಿಸುವ ವಿಶೇಷ ಚಿಕಿತ್ಸೆ. ಆದರೆ ಆ ಚಿಕಿತ್ಸೆಯ ಜೊತೆಗೆ ಮಾತ್ರೆಯನ್ನೂ ಕೊಟ್ಟಾಗ, ದುಃಖದೊಳಗೆ ಸೇರಿಕೊಂಡಿದ್ದ ಖಿನ್ನತೆ ಇನ್ನಷ್ಟು ಇಳಿಯಿತು.

ಹಾಗಾದರೆ ದುಃಖ ಯಾವುದು, ಖಿನ್ನತೆ ಯಾವುದು? ದುಃಖ ಹಗರಿಯ ನೀರಿನ ಹಾಗೆ, ಏರಿ ಬರುತ್ತದೆ, ಇಳಿದು ಹೋಗುತ್ತದೆ. ಫೋಟೊ ಕಂಡಾಗ, ಅವರ ಅಂಗಿ ಕೈಗೆ ಸಿಕ್ಕಾಗ ಉಕ್ಕುತ್ತದೆ. ನಡುನಡುವೆ ಅವರ ಹಳೆಯ ತಮಾಷೆ ನೆನಪಾಗಿ ನಗುವೂ ಬರುತ್ತದೆ. ಖಿನ್ನತೆ ನಿಂತ ನೀರು. ಬೆಳಿಗ್ಗೆ ಎದ್ದಾಗಲೂ ಅದೇ, ಸಂಜೆಗೂ ಅದೇ. ಯಾವುದರಲ್ಲೂ ರುಚಿಯಿಲ್ಲ, ತನ್ನ ಬಗ್ಗೆಯೇ ಹೇಸಿಗೆ, ಮಾಡದ ತಪ್ಪಿಗೆ ತನ್ನನ್ನು ದೂರಿಕೊಳ್ಳುವುದು, ನಸುಕಿಗೆ ಮುಂಚೆ ಎಚ್ಚರವಾಗುವುದು, ಬದುಕಿ ಏನು ಮಾಡಲಿ ಎಂಬ ಯೋಚನೆ. ಹಿಂದೆ ವೈದ್ಯರು ಸಾವಾದ ಮೊದಲ ಎರಡು ತಿಂಗಳು ಇದನ್ನು ಸಾಮಾನ್ಯವಾಗಿ ಕಾಯಿಲೆಯೆಂದು ಎಣಿಸುತ್ತಿರಲಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿದ್ದ ಆ ವಿನಾಯಿತಿಯನ್ನು 2013ರಲ್ಲಿ ತೆಗೆದುಹಾಕಲಾಯಿತು. ಶೋಕವನ್ನೂ ಕಾಯಿಲೆ ಮಾಡಿಬಿಟ್ಟರು ಎಂದು ಆಗ ಗಲಾಟೆಯೂ ಆಯಿತು. ನನಗೂ ಅಷ್ಟಿಷ್ಟು ಅಸಮಾಧಾನವಿದೆ. ಹದಿನೈದು ದಿನಕ್ಕೇ ಚೀಟಿ ಬರೆಯುವ ಆತುರಗಾರರಿಗೆ ಇದರಿಂದ ಬಲ ಬಂತು. ಆದರೆ ಈ ಸೋದರಿಯದು ಎಂಟನೆಯ ತಿಂಗಳು. ಪತ್ರದಲ್ಲಿರುವ ಲಕ್ಷಣಗಳು ನಿಂತ ನೀರಿನವು. ಎರಡು ಊರಿನ ಇಬ್ಬರು ವೈದ್ಯರೂ ಔಷಧ ಬೇಕು ಎಂದಿದ್ದಾರೆ. ಅದನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಅತ್ತಿಗೆಯವರ ಕಥೆ. ಅದು ಸುಳ್ಳಿರಲಿಕ್ಕಿಲ್ಲ. ಬಳ್ಳಾರಿ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ ಎಂಬುದು ಅಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡುವ ತರಬೇತಿ ನೀಡಿತು. ‘ಬಳ್ಳಾರಿ ಮಾದರಿ’ ಎಂದು ಪ್ರಸಿದ್ಧವಾದ ಈ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಆ ಕಾಲಕ್ಕೆ ಖಿನ್ನತೆಗೆ ಕೈಗೆಟುಕುವಂತಿದ್ದದ್ದು ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು. ಅವು ಗುಣ ಮಾಡುತ್ತಿದ್ದವು, ಅದರಲ್ಲಿ ಸಂಶಯವಿಲ್ಲ. ಜೊತೆಗೆ ಬಾಯಿ ಒಣಗಿಸುತ್ತಿದ್ದವು, ಮಲ ಕಟ್ಟುತ್ತಿದ್ದವು. ಅದರಲ್ಲೂ ಅಮಿಟ್ರಿಪ್ಟಿಲಿನ್ ಹಸಿವು ಹೆಚ್ಚಿಸಿ ತೂಕ ಏರಿಸುವುದರಲ್ಲಿ ಎತ್ತಿದ ಕೈ. ಈಗಲೂ ಅವು ಬಳಕೆಯಲ್ಲಿವೆ. ಒಂದು ಎಚ್ಚರಿಕೆ: ಮಿತಿ ಮೀರಿ ನುಂಗಿದರೆ ಇವು ಹೃದಯಕ್ಕೆ ಅಪಾಯ. ಸಾಯುವ ಮಾತಾಡುವವರಿರುವ ಮನೆಯಲ್ಲಿ ಇವುಗಳ ಡಬ್ಬಿ ಬೇರೆಯವರ ಸುಪರ್ದಿನಲ್ಲಿರಬೇಕು.

ಅತ್ತಿಗೆಯವರು ನುಂಗಿದ್ದು ಖಿನ್ನತೆಯ ಮಾತ್ರೆಯೇ ಆಗಿರಬೇಕೆಂದೂ ಇಲ್ಲ. ಬೇರೆ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳು ಇವಕ್ಕಿಂತ ಹೆಚ್ಚು ತೂಕ ಏರಿಸುತ್ತವೆ. ‘ತಲೆಗೆ ಕೊಡುವ ಗುಳಿಗೆ’ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಹೀಗಾಗುತ್ತದೆ.

ಈಗ ದೇವರ ಗೂಡಿನಲ್ಲಿರುವ ಎರಡು ಚೀಟಿಗೆ ಬರೋಣ. ಇಬ್ಬರು ವೈದ್ಯರು ಎರಡು ಬಗೆ ಬರೆದರೆಂದು ಒಬ್ಬರು ತಿಳಿಯದವರೆಂದು ಭಾವಿಸಬೇಕಿಲ್ಲ. ಆದವಾನಿಯವರು ನಿದ್ದೆಯಿಲ್ಲ, ಊಟವಿಲ್ಲ ಎಂಬ ದೂರಿಗೆ ಕಿವಿಗೊಟ್ಟಿದ್ದಾರೆ. ನೆಗಡಿ ಮಾತ್ರೆ ನುಂಗಿದರೆ ಜೊಂಪು ಹತ್ತುತ್ತದಲ್ಲ, ಅದು ಮೆದುಳಿನಲ್ಲಿ ಹಿಸ್ಟಮಿನ್ ಎಂಬ ವಸ್ತುವಿನ ಕೆಲಸ ತಡೆಯುವುದರಿಂದ. ಮಿರ್ಟಜಪಿನ್ ಕೂಡ ಅದನ್ನು ತಡೆಯುತ್ತದೆ. ರಾತ್ರಿ ಒಂದು ಮಾತ್ರೆ, ಒಳ್ಳೆಯ ನಿದ್ದೆ, ಕೆಲವೇ ದಿನಗಳಲ್ಲಿ ಹಸಿವು. ಸೊರಗಿ ಕಡ್ಡಿಯಾದ ಮುದುಕರಿಗೆ ಇದು ವರವಿದ್ದಂತೆ. ತೂಕ ಏರಬಾರದು ಎನ್ನುವವರಿಗೆ ಅದೇ ಗುಣ ದೋಷ. ಪತ್ರದ ಪ್ರಕಾರ ಈಕೆ ಊಟ ಬಿಟ್ಟರೂ 68 ಕೆ.ಜಿ. ಇದ್ದಾರೆ. ದಿನಕ್ಕೆ ಆರೇಳು ಸಲ ಸಕ್ಕರೆ ಹಾಕಿದ ಚಹಾ ನಡೆದಿದೆ ಎಂಬುದೂ ಪತ್ರದಲ್ಲೇ ಇದೆ.

ಬಳ್ಳಾರಿಯ ಚೀಟಿಯ ಎಸ್ಸಿಟಲೋಪ್ರಾಮ್ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಗುಂಪಿನದು. ಫ್ಲುವೊಕ್ಸೆಟಿನ್, ಸೆರ್ಟ್ರಾಲಿನ್, ಪ್ಯಾರೊಕ್ಸೆಟಿನ್ ಇದರ ಒಡಹುಟ್ಟಿದವು. ಇವುಗಳಲ್ಲಿ ತೂಕದ ವ್ಯತ್ಯಾಸ ಎಷ್ಟು? ಅಮೆರಿಕದಲ್ಲಿ 1,83,118 ಮಂದಿಯ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆರು ತಿಂಗಳಿಗೆ ಸೆರ್ಟ್ರಾಲಿನ್ ಆರಂಭಿಸಿದವರ ತೂಕ ಸರಾಸರಿ ಕಾಲು ಕೆ.ಜಿ.ಗಿಂತ ಕಡಿಮೆ ಏರಿತ್ತು. ಎಸ್ಸಿಟಲೋಪ್ರಾಮಿನವರು ಅದಕ್ಕಿಂತ ಸುಮಾರು 400 ಗ್ರಾಂ ಹೆಚ್ಚು. ಪ್ಯಾರೊಕ್ಸೆಟಿನ್‌ದೂ ಹೆಚ್ಚುಕಡಿಮೆ ಅಷ್ಟೇ. ಫ್ಲುವೊಕ್ಸೆಟಿನ್ ಸೆರ್ಟ್ರಾಲಿನ್‌ಗೆ ಸಮ. ಬುಪ್ರೊಪಿಯಾನ್ ಎಂಬ ಬೇರೆ ಜಾತಿಯ ಮಾತ್ರೆಯವರು ಮಾತ್ರ ಎಲ್ಲರಿಗಿಂತ ಕಡಿಮೆ. ಮಿರ್ಟಜಪಿನ್ ಆ ಅಧ್ಯಯನದಲ್ಲಿ ಇರಲಿಲ್ಲ.

400 ಗ್ರಾಂ ಎಂದರೆ ಎಷ್ಟು? ಸಿರುಗುಪ್ಪದ ಅಕ್ಕಿ ಎರಡು ಪಾವಿಗಿಂತ ಕಡಿಮೆ! ಆದರೆ ಸರಾಸರಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಒಬ್ಬರಿಗೆ ಏನೂ ಏರದೆ, ಇನ್ನೊಬ್ಬರಿಗೆ ಐದು ಕೆ.ಜಿ. ಏರಿದರೂ ಸರಾಸರಿ ಸಣ್ಣದೇ ಕಾಣುತ್ತದೆ. ವರ್ಷಗಟ್ಟಲೆ ನುಂಗಿದರೆ ಏರಿಕೆಯೂ ಹೆಚ್ಚಬಹುದು. ಕಾಯಿಲೆಯಲ್ಲಿ ಇಳಿದಿದ್ದ ತೂಕ ಗುಣವಾದಾಗ ಮರಳಿ ಬಂದರೆ ಅದನ್ನು ಮಾತ್ರೆಯ ಲೆಕ್ಕಕ್ಕೆ ಹಾಕುವುದೂ ನ್ಯಾಯವಲ್ಲ. ಆ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಆರು ತಿಂಗಳ ಹೊತ್ತಿಗೆ ಮಾತ್ರೆ ಮುಂದುವರಿಸುತ್ತಿದ್ದವರು, ಮಾತ್ರೆಗೆ ತಕ್ಕಂತೆ, ನೂರಕ್ಕೆ 28ರಿಂದ 41 ಮಂದಿ ಮಾತ್ರ. ಉಳಿದವರು ಏಕೆ ಬಿಟ್ಟರೋ, ಕಾರಣ ನೂರಿರಬಹುದು. ಅವರಲ್ಲಿ ಎಷ್ಟು ಜನ ತೂಕದ ಮಾತನ್ನು ವೈದ್ಯರೆದುರು ಎತ್ತಲು ನಾಚಿಕೊಂಡು ಸುಮ್ಮನೆ ಬಿಟ್ಟರೋ ಎಂದು ಯೋಚಿಸದೆ ಇರಲಾಗಲಿಲ್ಲ.

ಹಾಗಾದರೆ ಎಲ್ಲರೂ ಬುಪ್ರೊಪಿಯಾನ್ ಕೇಳಬಹುದಲ್ಲ? ಕೇಳುವಂತಿಲ್ಲ. ಮೂರ್ಛೆರೋಗ ಇದ್ದವರಿಗೆ ಅದು ಸಲ್ಲದು. ನಿದ್ದೆ ಕೆಡಿಸಬಹುದು, ತಳಮಳ ಹೆಚ್ಚಿಸಬಹುದು. ಮೂರು ಗಂಟೆಗೆ ಎದ್ದು ಕೂರುವವರಿಗೆ ಮೊದಲ ಆಯ್ಕೆಯಾಗುವುದು ಕಷ್ಟ. ಸೆರ್ಟ್ರಾಲಿನ್ ಮೊದಮೊದಲು ಹೊಟ್ಟೆ ಸಡಿಲ ಮಾಡಬಹುದು. ಫ್ಲುವೊಕ್ಸೆಟಿನ್ ಮೊದಲ ವಾರಗಳಲ್ಲಿ ಹಸಿವು ಕುಗ್ಗಿಸುತ್ತದೆ, ಕೆಲವರಿಗೆ ಚಡಪಡಿಕೆ ತರುತ್ತದೆ. ಯಾವುದೂ ಪುಕ್ಕಟೆಯಲ್ಲ. ಪತ್ರ ಓದಿ ಔಷಧ ಬರೆಯುವುದು ತರವಲ್ಲವಾದರೂ ನನ್ನ ಅಭಿಪ್ರಾಯ ಹೇಳುತ್ತೇನೆ: ಈಕೆಯ ತೂಕ, ತಾಯಿಯ ಕಾಯಿಲೆ, ಮನಸ್ಸಿನ ಅಂಜಿಕೆ ಮೂರನ್ನೂ ನೋಡಿದರೆ ಬಳ್ಳಾರಿಯ ಚೀಟಿಯತ್ತಲೇ ಒಲವು. ಅದರ ಬದಲು ಸೆರ್ಟ್ರಾಲಿನ್ ಆಗಬಹುದೇ ಎಂದು ಆ ವೈದ್ಯರನ್ನೇ ಕೇಳಬೇಕು. ಎರಡು ಚೀಟಿಯ ಮಾತ್ರೆಯನ್ನೂ ಸೇರಿಸಿ ನುಂಗುವ ಜಾಣತನ ಮಾತ್ರ ಬೇಡ. ನಿದ್ದೆಗೆಂದು ಅಂಗಡಿಯಲ್ಲಿ ಕೇಳಿ ಆಲ್ಪ್ರಜೋಲಾಮ್ ತರುವುದಂತೂ ಬೇಡವೇ ಬೇಡ. ಅದು ಚಟವಾಗುವ ಮಾತ್ರೆ.

ವೈದ್ಯರ ಬಳಿ ಹೋದಾಗ ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ. ಥೈರಾಯ್ಡ್ ಗ್ರಂಥಿ ಮಂದವಾದರೆ ಮನಸ್ಸೂ ಕುಗ್ಗುತ್ತದೆ, ಮೈಯೂ ಊದುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಇದು ಅಪರೂಪವಲ್ಲ. ‘ನನಗೆ ತೂಕ ಏರುವ ಭಯವಿದೆ, ಅದಕ್ಕೇ ಮಾತ್ರೆ ಶುರು ಮಾಡಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಾಯಿ ಬರದಿದ್ದರೆ ಈ ಪತ್ರದ ಕೊನೆಯ ಪುಟವನ್ನೇ ಇನ್ನೊಮ್ಮೆ ಬರೆದು ಅವರ ಮೇಜಿನ ಮೇಲಿಡಿ. ಬಳ್ಳಾರಿ ದೂರವೆನಿಸಿದರೆ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ; ಮನೋವೈದ್ಯರು ವಾರದಲ್ಲೊಂದು ದಿನ ತಾಲ್ಲೂಕು ಕೇಂದ್ರಗಳಿಗೆ ಬರುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತ್ತು. ಸಾಯುವ ಯೋಚನೆ ಬಂದರೆ ವೈದ್ಯರ ದಿನಕ್ಕಾಗಿ ಕಾಯಬಾರದು. ಮಗಳಿಗೆ ತಿಳಿಸಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ-ಮನಸ್ ಸೇವೆ ಅದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಮಾತ್ರೆ ಆರಂಭಿಸಿದ ಮೇಲೆ ಎರಡು ಮೂರು ವಾರ ಗುಣ ಕಾಣುವುದಿಲ್ಲ, ತೊಂದರೆಗಳೇ ಮೊದಲು ಕಾಣುತ್ತವೆ. ಆಗ ಬಿಡಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ನುಂಗಬೇಕಾಗುತ್ತದೆ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಥಟ್ಟನೆ ಬಿಟ್ಟರೆ ತಲೆಸುತ್ತು, ಮೈ ಜುಮ್ಮೆನ್ನುವುದು, ಅಳು. ಮೊದಲ ಮಾತ್ರೆ ನುಂಗುವ ದಿನ ಒಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲೆ ತಿಂಗಳಿಗೊಮ್ಮೆ, ಅದೇ ಯಂತ್ರ, ಅದೇ ಹೊತ್ತು. ಮೂರು ತಿಂಗಳಲ್ಲಿ ಮೂರು ಕೆ.ಜಿ. ದಾಟಿತೋ, ಆ ಕ್ಯಾಲೆಂಡರನ್ನೇ ಕಂಕುಳಲ್ಲಿ ಹಿಡಿದುಕೊಂಡು ಹೋಗಿ. ಬದಲಿಸಲು ಬೇರೆ ಮಾತ್ರೆಗಳಿವೆ. ಅಷ್ಟರಲ್ಲಿ ಚಹಾದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ಸಂಜೆ ಮೊಮ್ಮಗುವನ್ನು ಎತ್ತಿಕೊಂಡು ಗದ್ದೆಯ ತನಕ ನಡೆದು ಬನ್ನಿ, ಮನಸ್ಸಿಲ್ಲದಿದ್ದರೂ ಸರಿ.