ನೀರಿನ ಬಿಲ್ಲಿಗೂ ತಲೆ ಎಣಿಸಿ

"ರೇಟು ಜಾಸ್ತಿ ಮಾಡಿದ್ರೆ ಜನ ತಾನಾಗೇ ನೀರು ಉಳಿಸ್ತಾರೆ" ಅನ್ನೋರಿದ್ದಾರೆ. ನನ್ನ ಪ್ರಕಾರ ಇದು ಅರ್ಧ ಸತ್ಯ ಅಷ್ಟೆ.

ಬೆಂಗಳೂರು ಜಲಮಂಡಳಿಯ ಲೆಕ್ಕ ನೋಡಿ. 2014ರಿಂದ 2025ರ ಏಪ್ರಿಲ್ ಏರಿಕೆಯವರೆಗೆ ಮನೆಗಳಿಗೆ ಸಾವಿರ ಲೀಟರಿನ ದರ ಹೀಗಿತ್ತು: ಮೊದಲ 8 ಸಾವಿರದವರೆಗೆ 7 ರೂಪಾಯಿ, 25 ಸಾವಿರದವರೆಗೆ 11, 50 ಸಾವಿರದವರೆಗೆ 26, ಅದರ ಮೇಲೆ 45. ಅಂದ್ರೆ 30 ಸಾವಿರ ಲೀಟರ್ ಬಳಸಿದವರಿಗೆ ಮೊದಲ 8 ಸಾವಿರಕ್ಕೆ 56 ರೂಪಾಯಿ, ಕೊನೆಯ 5 ಸಾವಿರಕ್ಕೇ 130! ಐಡಿಯಾ ಚೆನ್ನಾಗಿದೆ. ಆದ್ರೆ ಮನೇಲಿ ಎಷ್ಟು ಜನ ಅಂತ ಮೀಟರಿಗೆ ಗೊತ್ತಿಲ್ಲವಲ್ಲ... ಒಬ್ಬನೇ ಇರೋನಿಗೂ ಎಂಟು ಜನರ ಕುಟುಂಬಕ್ಕೂ ಅದೇ 8 ಸಾವಿರ.

ಈಗ ನಮ್ಮ ಬಂಡಳ್ಳಿ ಕಡೆ ಬನ್ನಿ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ಕು ಜನಕ್ಕೆ ತಿಂಗಳಿಗೆ 6,600, ಎಂಟು ಜನಕ್ಕೆ 13,200. ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ ಕಟ್ಟಿಸಿಕೊಂಡ್ರೆ ನಲ್ಲಿ ನಿಲ್ಲಿಸಿದವರಿಗೂ ಹರಿಯಬಿಟ್ಟವರಿಗೂ ವ್ಯತ್ಯಾಸವೇ ಇಲ್ಲ. ಹಾಗಂತ ಬೆಂಗಳೂರಿನ ಪಟ್ಟಿ ನಕಲು ಹೊಡೆದ್ರೆ ಪೆಟ್ಟು ಬೀಳೋದು ದೊಡ್ಡ ಸಂಸಾರದ ಬಡವರಿಗೆ.

ರೇಷನ್ ಕಾರ್ಡಲ್ಲಿ ಹೆಸರಿರೋ ಪ್ರತಿಯೊಬ್ಬರಿಗೂ 55 ಲೀಟರ್ ಅಗ್ಗಕ್ಕೆ ಕೊಡಿ. ಕೊಟ್ಟಿಗೆಯ ದನಕ್ಕೂ ಒಂದಿಷ್ಟು ಸೇರಿಸಿ. ಅದರ ಮೇಲೆ ಬಳಸಿದ್ದಕ್ಕೆ ಜೋರಾಗೇ ಹಾಕಿ. ಅಕ್ಕಿಗೆ ತಲೆ ಎಣಿಸೋ ಸರ್ಕಾರಕ್ಕೆ ನೀರಿಗೆ ಎಣಿಸೋದು ಕಷ್ಟವೇ?

ನೀವೇನಂತೀರಿ?